ಇಂಗ್ಲಿಷಿನಲ್ಲಿ ಸುಲಭ, ಕನ್ನಡದಲ್ಲಿ ನಿಜ

ಕರ್ನಾಟಕ ಬಿಟ್ಟು ಬಂದು 14 ವರ್ಷವಾಯಿತು. ಕುಡಿತ ಬಿಟ್ಟು ಈಗ ಮೂರನೇ ವರ್ಷ. ವಾರಕ್ಕೆ ಎರಡು ಮೀಟಿಂಗಿಗೆ ಕೂರುತ್ತೇನೆ. ಒಂದು ಇಲ್ಲೇ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಇಂಗ್ಲಿಷಿನಲ್ಲಿ. ಇನ್ನೊಂದು ಫೋನಿನಲ್ಲಿ, ಕನ್ನಡದಲ್ಲಿ. ಎರಡೂ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಗುಂಪುಗಳೇ: ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ತಮ್ಮ ಕತೆ ಹೇಳಿಕೊಂಡು ಒಬ್ಬರಿಗೊಬ್ಬರು ನೆರವಾಗುವ ಜಾಗ. ಆದರೂ ಎರಡರಲ್ಲೂ ನಾನು ಒಂದೇ ಮನುಷ್ಯನಾಗಿ ಕೂರುವುದಿಲ್ಲ.

ಇಂಗ್ಲಿಷ್ ಮೀಟಿಂಗಿನಲ್ಲಿ ಎರಡನೇ ದಿನವೇ 'ನಾನೊಬ್ಬ ಆಲ್ಕೊಹಾಲಿಕ್' ಅಂದೆ. ಕಷ್ಟವಾಗಲಿಲ್ಲ. ಶುಗರ್ ಇದೆ, ಬಿಪಿ ಇದೆ ಅನ್ನುವ ಹಾಗೆ ಅದೂ ಒಂದು ಕಾಯಿಲೆಯ ಹೆಸರಿನಂತೆ ಬಾಯಿಂದ ಬಂತು. ಎದುರಿಗಿದ್ದವರು ನನ್ನ ಅಪ್ಪನನ್ನು ಕಂಡವರಲ್ಲ, ನೆಂಟರಿಗೆ ಸುದ್ದಿ ಮುಟ್ಟಿಸುವವರಲ್ಲ. ಆ ಧೈರ್ಯ ನನಗೆ ಬೇಕಿತ್ತು.

ವರ್ಷದ ಮೇಲೆ ಕನ್ನಡದ ಗುಂಪು ಸಿಕ್ಕಿತು. ಅಲ್ಲಿ 'ನಾನು ಕುಡುಕ' ಅನ್ನಲು ನಾಲಿಗೆ ಹೊರಳಲಿಲ್ಲ. ಹಾಗೆ ಹೇಳಲೇಬೇಕು ಅಂತ ಯಾರೂ ಕೇಳಿರಲಿಲ್ಲ. ಕೆಲವರು ಮದ್ಯವ್ಯಸನಿ ಅನ್ನುತ್ತಿದ್ದರು, ಕೆಲವರು ಹೆಸರಷ್ಟೇ ಹೇಳುತ್ತಿದ್ದರು. ಆದರೆ ಆ ಬೈಗುಳವನ್ನು ನಾನೇ ಎಷ್ಟೋ ಜನರ ಮೇಲೆ ಎಸೆದಿದ್ದೆ. ಈಗ ಅದು ನನ್ನದು ಅಂತ ಒಪ್ಪಿಕೊಳ್ಳಬೇಕಿತ್ತು.

ಇಂಗ್ಲಿಷಿನಲ್ಲಿ ನಾನು ಎಷ್ಟು ಕುಡಿದೆ, ಬಿಟ್ಟು ಎಷ್ಟು ದಿನವಾಯಿತು ಅನ್ನುವುದನ್ನು ಹೇಳುತ್ತಿದ್ದೆ. ಕನ್ನಡದಲ್ಲಿ ಯಾರಿಗೆ ಏನು ಮಾಡಿದೆ ಅನ್ನುವುದು ಹೊರಬಂತು. ಮಗಳಿಗೆ 'ಆಫೀಸಲ್ಲಿ ತಡವಾಯ್ತು ಪುಟ್ಟಾ' ಅಂದದ್ದು, ಹೆಂಡತಿಗೆ ಆಣೆ ಮಾಡಿ ಅದೇ ರಾತ್ರಿ ಮುರಿದದ್ದು. ಆ ಸುಳ್ಳುಗಳನ್ನೆಲ್ಲ ಹೇಳಿದ್ದು ಕನ್ನಡದಲ್ಲೇ ಅಲ್ವಾ? ಒಪ್ಪಿಕೊಳ್ಳುವಾಗ ಬೇರೆ ಭಾಷೆಯಲ್ಲಿ ಅವು ಪೂರ್ತಿ ಬರುತ್ತಿರಲಿಲ್ಲ.

ಹಾಗಂತ ಕನ್ನಡದ ಗುಂಪು ಸಿಗುವವರೆಗೆ ಕಾಯಿರಿ ಅಂತ ಯಾರಿಗೂ ಹೇಳುವುದಿಲ್ಲ. ಕಾಯುವುದು ಕುಡಿತಕ್ಕೆ ಇನ್ನೊಂದು ನೆಪ. ಹತ್ತಿರದಲ್ಲಿ ಯಾವ ಮೀಟಿಂಗ್ ಇದೆಯೋ ಅಲ್ಲಿಗೆ ಈ ವಾರವೇ ಹೋಗಿ. ಎಎ ವೆಬ್‌ಸೈಟಿನಲ್ಲಿ ಹುಡುಕಬಹುದು, ವೈದ್ಯರನ್ನೂ ಕೇಳಬಹುದು. 'ಓಪನ್' ಮೀಟಿಂಗಿಗೆ ಮನೆಯವರೂ ಬಂದು ಕೂರಬಹುದು, 'ಕ್ಲೋಸ್ಡ್' ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಫೀಸ್ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಮೊದಲ ದಿನ ಬಾಯಿ ಬಿಡದೆ ಸುಮ್ನೆ ಕೂತು ಬಂದರೂ ಸರಿ. ನನಗೆ ಮೊದಲ ಎರಡು ಗುಂಪು ಹಿಡಿಸಲಿಲ್ಲ, ಮೂರನೆಯದರಲ್ಲಿ ಉಳಿದೆ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ದಿನವೂ ಜಾಸ್ತಿ ಕುಡಿಯುತ್ತಿರುವವರು ಒಮ್ಮೆಲೇ ನಿಲ್ಲಿಸಬೇಡಿ. ಮೊದಲು ವೈದ್ಯರನ್ನು ನೋಡಿ. ಕೈ ನಡುಕದಲ್ಲಿ ಶುರುವಾಗಿ, ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯವಾಗಬಹುದು. ಅದನ್ನು ಯಾವ ಗುಂಪೂ ನೋಡಿಕೊಳ್ಳಲಾರದು.

ಬರೀ ಮಾತಾಡಿದರೆ ಕುಡಿತ ಬಿಡುತ್ತದಾ ಅಂತ ನಾನೂ ಕೇಳಿದ್ದೆ. ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಜನರನ್ನು ಎಎಗೆ ಸೇರಿಸಿ, ಕುಡಿತ ಬಿಡಲು ಅದು ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ನಡೆಸುವ ಚಿಕಿತ್ಸೆ, ಕುಡಿಯದೆ ಉಳಿಯುವ ವಿಷಯದಲ್ಲಿ, ಹೆಸರಾದ ಬೇರೆ ಚಿಕಿತ್ಸೆಗಳಿಗಿಂತ ಹಿಂದೆ ಬೀಳಲಿಲ್ಲ, ಕೆಲವು ಕಡೆ ಮುಂದೆಯೇ ಇತ್ತು. ಎಎಯಲ್ಲಿ ದೇವರ ಮಾತು ಬರುತ್ತದೆ. ಅದು ಒಗ್ಗದವರಿಗೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಇದೆ. ಅಲ್ಲಿ ಕುಡಿಯುವ ಆಸೆ ಬಂದಾಗ ಯೋಚನೆಯನ್ನು ಹೇಗೆ ತಿರುಗಿಸುವುದು ಅನ್ನುವುದನ್ನು ಕಲಿಸುತ್ತಾರೆ. ಮನೆಯವರಿಗೆ ಅಲ್-ಅನಾನ್ ಇದೆ, 1951ರಿಂದ. ನನ್ನ ಹೆಂಡತಿ ಅಲ್ಲಿಗೆ ಹೋಗುತ್ತಾಳೆ. ಅವಳು ಅಲ್ಲಿ ಏನು ಹೇಳುತ್ತಾಳೆ ಅಂತ ನಾನು ಕೇಳುವುದಿಲ್ಲ.

ಎಎ ಹುಟ್ಟಿದ ಕತೆ ನನ್ನಂಥ ಹೊರನಾಡಿಗರಿಗೆ ತುಂಬ ಹತ್ತಿರದ್ದು. 1935ರ ಮೇ ತಿಂಗಳು. ಕೆಲವು ತಿಂಗಳ ಹಿಂದಷ್ಟೇ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್ ಕೆಲಸದ ಮೇಲೆ ಅಮೆರಿಕದ ಆಕ್ರನ್ ಎಂಬ ಗೊತ್ತಿಲ್ಲದ ಊರಿಗೆ ಹೋಗಿದ್ದ. ಕೆಲಸ ಕೆಟ್ಟಿತ್ತು. ಹೋಟೆಲಿನಲ್ಲಿ ಒಬ್ಬನೇ ಇದ್ದ, ಪಕ್ಕದಲ್ಲೇ ಬಾರ್. ಆಗ ಅವನು ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ ಒಂದೊಂದೇ ಫೋನ್ ಮಾಡುತ್ತಾ ಹೋದ. ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್. ಇಬ್ಬರೂ ಹುಟ್ಟಿದ್ದು ವರ್ಮಾಂಟ್ ರಾಜ್ಯದಲ್ಲಿ. ಕಾಲು ಗಂಟೆ ಅಂತ ಕೂತವರು ಗಂಟೆಗಟ್ಟಲೆ ಮಾತಾಡಿದರು. ಮುಂದೆ ಎಎ ಕಟ್ಟಿದ್ದು ಈ ಇಬ್ಬರೇ. ಬಿಲ್‌ಗೆ ಒಂದೇ ಸೀಮೆಯ ಮಾತು ನೆರವಾಯಿತೋ, ಒಂದೇ ನೋವು ನೆರವಾಯಿತೋ? ಎರಡೂ ಅಂತಲೇ ನನ್ನ ನಂಬಿಕೆ.

ಕಳೆದ ವರ್ಷ ಊರಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಕನ್ನಡದ ಮೀಟಿಂಗಿನಲ್ಲಿ ಅಷ್ಟು ಸಲ ಹೇಳಿರದಿದ್ದರೆ ಅದು ನನ್ನಿಂದ ಆಗುತ್ತಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ 'ಮೀಟಿಂಗು ಎಷ್ಟು ಹೊತ್ತಿಗೋ?' ಅಂದಳು. ಈಗ ಗುರುವಾರ ಆ ಹೊತ್ತಿನಲ್ಲಿ ಅವಳು ಫೋನ್ ಮಾಡುವುದಿಲ್ಲ.