ಗೀಸರ್ ದಿನವಿಡೀ ಆನ್ ಇಟ್ಟರೆ ಕರೆಂಟ್ ಉಳಿಯುವುದಿಲ್ಲ

ಮಡಿಕೇರಿಯ ನಮ್ಮ ಬೀದಿಯ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಮಳೆಗಾಲದಲ್ಲಿ ಗೀಸರ್ ಆಫ್ ಮಾಡಬೇಡಿ. ತಣ್ಣೀರನ್ನು ಮತ್ತೆ ಕಾಯಿಸಲು ಕರೆಂಟ್ ಜಾಸ್ತಿ ಬೇಕು." ಕಳೆದ ವಾರ ನಾನೂ ಇದನ್ನು ಮನೆಯವರಿಗೆಲ್ಲ ಕಳಿಸಿದ್ದೆ. ಅದು ತಪ್ಪು. ದಯವಿಟ್ಟು ಕ್ಷಮಿಸಿ.

ಲೆಕ್ಕ ಸುಲಭ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಸಾಕು. 2000 ವ್ಯಾಟ್ ಗೀಸರ್‌ಗೆ ಇದು ಹದಿನೈದು, ಹದಿನಾರು ನಿಮಿಷದ ಕೆಲಸ. ಆನ್ ಇಟ್ಟೇ ಬಿಟ್ಟರೆ ಟ್ಯಾಂಕಿನ ಬಿಸಿ ನಿಧಾನವಾಗಿ ಹೊರಗೆ ಹೋಗುತ್ತಿರುತ್ತದೆ. ಹಾಗೆ ಹೋದದ್ದನ್ನು ತುಂಬಲು ಗೀಸರ್ ಆಗಾಗ ತಾನೇ ಕಾಯಿಸಲು ಶುರು ಮಾಡುತ್ತದೆ, ಯಾರೂ ಸ್ನಾನ ಮಾಡದಿದ್ದರೂ. ಆಫ್ ಮಾಡಿದರೆ ನೀರು ತಣ್ಣಗಾಗುತ್ತಾ ಹೋದಂತೆ ಹೊರಹೋಗುವ ಬಿಸಿಯೂ ಕಡಿಮೆಯಾಗುತ್ತದೆ. ಹಾಗಾಗಿ ಮತ್ತೆ ಕಾಯಿಸುವ ಖರ್ಚು ಯಾವತ್ತೂ ಆಫ್ ಇಟ್ಟು ಉಳಿಸಿದ್ದಕ್ಕಿಂತ ಜಾಸ್ತಿ ಆಗುವುದಿಲ್ಲ. ನಮ್ಮ ಕೊಡಗಿನ ಚಳಿಗೆ ಟ್ಯಾಂಕು ಬಿಸಿ ಕಳೆದುಕೊಳ್ಳುವುದೂ ಜಾಸ್ತಿ. ಅಂದರೆ ಬೇರೆ ಊರಿಗಿಂತ ಇಲ್ಲೇ ಈ ಸಲಹೆ ಹೆಚ್ಚು ನಷ್ಟದ್ದು, ಅಲ್ವಾ?

ಸ್ನಾನಕ್ಕೆ ಇಪ್ಪತ್ತು ನಿಮಿಷ ಮೊದಲು ಆನ್ ಮಾಡಿ, ನೀರು ಕಾದ ಮೇಲೆ ಆಫ್ ಮಾಡಿ. ಮನೆಮಂದಿ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಇನ್ನೂ ಒಳ್ಳೆಯದು. ಹಿತ್ತಲಲ್ಲಿ ಸೌದೆ ಒಲೆಯ ಹಂಡೆ ಇರುವವರಿಗೆ ಈ ಚಿಂತೆಯೇ ಇಲ್ಲ.

ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅಲ್ಲಿಗೇ ಈ ಸ್ಪಷ್ಟನೆಯನ್ನೂ ಹಾಕಿ.