ಭಿನ್ನಾಭಿಪ್ರಾಯಕ್ಕೆ ಮುಂಚೆ ಭಿನ್ನರಾಶಿ

ಪ್ರಾಥಮಿಕ ಶಾಲೆಯ ಗಣಿತ ಇದು. ಭಿನ್ನರಾಶಿಯಲ್ಲಿ ಗೆರೆಯ ಮೇಲಿರೋದು ಅಂಶ, ಕೆಳಗಿರೋದು ಛೇದ. ಲಸಿಕೆ, ಅಪರಾಧ, ಚುನಾವಣೆ, ಹವಾಮಾನ, ಯಾವ ವಿಷಯದ ಚರ್ಚೆಯನ್ನೇ ತೆಗೆದುಕೊಳ್ಳಿ, ಅಂಶ ಮಾತ್ರ ನಮ್ಮ ಮುಂದೆ ಬಂದು ಕೂರುತ್ತೆ. ಛೇದ ದಾರಿಯಲ್ಲೇ ಎಲ್ಲೋ ಕಳಚಿ ಬಿದ್ದಿರುತ್ತೆ. ಆಮೇಲೆ ಇನ್ನೂರು ಕಾಮೆಂಟುಗಳ ಜಟಾಪಟಿ. ಸಿದ್ಧಾಂತದ ಜಗಳ ಅಂದುಕೊಂಡಿರುತ್ತೇವೆ, ಅದರಲ್ಲಿ ಅರ್ಧದಷ್ಟು ಭಾಗಾಕಾರದ ಜಗಳ. (ಈ 'ಅರ್ಧದಷ್ಟು' ಅನ್ನೋದಕ್ಕೆ ನನ್ನ ಬಳಿಯೂ ಛೇದ ಇಲ್ಲ, ಒಪ್ಪಿಕೊಂಡೆ.)

ಛೇದ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ 1995ರ ಬ್ರಿಟನ್ ನೋಡಿ. ಆ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು: ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ. ಅಂದರೆ 100% ಹೆಚ್ಚಳ. ಸುದ್ದಿ ಹೀಗೇ ಹರಡಿತು, ಹೆಂಗಸರು ಹೆದರಿ ಮಾತ್ರೆ ನಿಲ್ಲಿಸಿದರು. ಎಚ್ಚರಿಕೆಯ ಹಿಂದಿದ್ದ ಲೆಕ್ಕ ಇಷ್ಟು: ಹಳೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದ 7000 ಮಂದಿಯಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತಿತ್ತು, ಹೊಸದರಲ್ಲಿ 7000ಕ್ಕೆ ಇಬ್ಬರಿಗೆ. ಹೆಚ್ಚಾದದ್ದು 7000ಕ್ಕೆ ಒಬ್ಬರು. ಗರ್ಭಿಣಿಯಾದರೆ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯದಕ್ಕಿಂತ ಜಾಸ್ತಿ! ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸುಮಾರು 13,000ದಷ್ಟು ಹೆಚ್ಚಾದವು ಅನ್ನೋದು ಅಂದಾಜು. ಸಮಿತಿ ಸುಳ್ಳು ಹೇಳಲಿಲ್ಲ, ಪತ್ರಿಕೆಗಳೂ ಹೇಳಲಿಲ್ಲ. 'ಎರಡು ಪಟ್ಟು' ನಿಜವೇ. 7000 ಅನ್ನೋ ಸಂಖ್ಯೆ ಮಾತ್ರ ಜನರ ಕಿವಿಗೆ ಬೀಳಲಿಲ್ಲ.

ಹಾಗಾಗಿ 'ಇಷ್ಟು ಪಟ್ಟು', 'ಇಷ್ಟು ಶೇಕಡಾ ಹೆಚ್ಚಳ' ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ: ಎಷ್ಟರಿಂದ ಎಷ್ಟಕ್ಕೆ? ಎರಡನ್ನೂ ಒಂದೇ ಛೇದಕ್ಕೆ ತನ್ನಿ, 1000ಕ್ಕೋ 10,000ಕ್ಕೋ, ನಿಮಗೆ ಅನುಕೂಲವಾದದ್ದಕ್ಕೆ. ಔಷಧಿಯ ಪ್ರಚಾರಪತ್ರಗಳಲ್ಲಿ ಒಂದು ಕೈಚಳಕ ಇರುತ್ತೆ. ಕಾಯಿಲೆ 1000ಕ್ಕೆ 2ರಿಂದ 1ಕ್ಕೆ ಇಳಿದರೆ 'ಅಪಾಯ 50% ಕಡಿಮೆ'. ಅದೇ ಔಷಧಿಯ ಅಡ್ಡಪರಿಣಾಮ 1000ಕ್ಕೆ 1ರಿಂದ 2ಕ್ಕೆ ಏರಿದರೆ 'ಕೇವಲ 0.1% ಹೆಚ್ಚಳ'. ಲಾಭಕ್ಕೊಂದು ಅಳತೆ, ನಷ್ಟಕ್ಕೊಂದು ಅಳತೆ. ಒಂದೇ ಕೊಳಗದಲ್ಲಿ ಅಳೆದರೆ ಎರಡೂ ಸರಿಸಮ. ಇದರ ತಮ್ಮನೊಬ್ಬನಿದ್ದಾನೆ: ನಿರುದ್ಯೋಗ 4%ನಿಂದ 6%ಗೆ ಹೋದರೆ ಆಳುವವರು '2 ಹೆಚ್ಚಾಯಿತು' ಅನ್ನುತ್ತಾರೆ, ವಿರೋಧಿಗಳು '50% ಹೆಚ್ಚಾಯಿತು' ಅನ್ನುತ್ತಾರೆ. ಎರಡೂ ಸರಿ. ಮೊದಲನೆಯದು ಶೇಕಡಾ ಅಂಕಗಳ ಲೆಕ್ಕ, ಎರಡನೆಯದು ಹಿಂದಿದ್ದುದಕ್ಕೆ ಹೋಲಿಸಿದ್ದು. ಎರಡಕ್ಕೂ 4 ಮತ್ತು 6 ಅನ್ನೋ ಮೂಲ ಅಂಕಿಗಳನ್ನು ಪಕ್ಕದಲ್ಲಿ ಬರೆದುಬಿಟ್ಟರೆ ಜಗಳ ಅಲ್ಲಿಗೇ ತಣ್ಣಗಾಗುತ್ತೆ.

ಕ್ಯಾನ್ಸರ್ ಸುದ್ದಿಗಳದ್ದು ಬೇರೆಯೇ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುತ್ತೆ. ಹೊಗೆಸೊಪ್ಪು ಮೊದಲ ಗುಂಪಿನಲ್ಲಿದೆ. 2015ರಲ್ಲಿ ಸಂಸ್ಕರಿಸಿದ ಮಾಂಸವನ್ನೂ ಅದೇ ಗುಂಪಿಗೆ ಸೇರಿಸಿದರು. 'ಸಾಸೇಜ್ ತಿನ್ನೋದೂ ಸಿಗರೇಟು ಸೇದೋದೂ ಒಂದೇ' ಅಂತ ಸುದ್ದಿಯಾಯಿತು. ಆ ಗುಂಪು ಹೇಳೋದು ಪುರಾವೆ ಎಷ್ಟು ಗಟ್ಟಿ ಅನ್ನೋದನ್ನು. ಅಪಾಯ ಎಷ್ಟು ದೊಡ್ಡದು ಅನ್ನೋದನ್ನಲ್ಲ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ 18% ಹೆಚ್ಚುತ್ತೆ ಅನ್ನೋದು ಅವರ ಅಂದಾಜು. ಜೀವಮಾನದಲ್ಲಿ 100ಕ್ಕೆ 5 ಜನರಿಗೆ ಬರುವ ಕಾಯಿಲೆ ಅಂತಿಟ್ಟುಕೊಂಡರೆ ಅದು 100ಕ್ಕೆ ಸುಮಾರು 6 ಆಗುತ್ತೆ. ಇದು ಸಣ್ಣದಲ್ಲ, ದಿನಾ ತಿನ್ನುವವರು ಯೋಚಿಸಬೇಕಾದ್ದೇ. ಆದರೆ ಸಿಗರೇಟಿನ ಲೆಕ್ಕಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ? 2023ರ ಜುಲೈನಲ್ಲಿ ಆಸ್ಪರ್ಟೇಮ್ ಅನ್ನೋ ಕೃತಕ ಸಿಹಿಯನ್ನು 'ಕ್ಯಾನ್ಸರ್ ತರಬಹುದಾದ' ಗುಂಪಿಗೆ ಹಾಕಿದಾಗಲೂ ಇದೇ ಕಥೆ. ಅದೇ ದಿನ ಇನ್ನೊಂದು ತಜ್ಞ ಸಮಿತಿ ದಿನದ ಮಿತಿಯನ್ನು ಬದಲಿಸದೆ ದೇಹತೂಕದ ಪ್ರತಿ ಕೆ.ಜಿ.ಗೆ 40 ಮಿ.ಗ್ರಾಂನಲ್ಲೇ ಉಳಿಸಿತು. 70 ಕೆ.ಜಿ. ತೂಕದವರಿಗೆ ಅದು 2800 ಮಿ.ಗ್ರಾಂ. ಒಂದು ಕ್ಯಾನ್ ಡಯಟ್ ಪಾನೀಯದಲ್ಲಿ 200ರಿಂದ 300 ಮಿ.ಗ್ರಾಂ ಇದ್ದರೆ, ಬೇರೆಲ್ಲೂ ಅದು ಹೊಟ್ಟೆಗೆ ಹೋಗದಿದ್ದರೆ, ಮಿತಿ ದಾಟೋಕೆ ದಿನಕ್ಕೆ 9ರಿಂದ 14 ಕ್ಯಾನ್‌ಗಿಂತ ಹೆಚ್ಚು ಕುಡಿಯಬೇಕು. ಮೊದಲನೇ ಸುದ್ದಿ ಎಲ್ಲ ಕಡೆ ಓಡಾಡಿತು, ಎರಡನೆಯದು ಅದರ ಬಾಲದಲ್ಲಿ ಸಣ್ಣಕ್ಷರದಲ್ಲಿ ಬಂತು.

ಈಗ ಲಸಿಕೆಗೆ ಬರೋಣ. ಕೋವಿಡ್ ಕಾಲದಲ್ಲಿ ಎರಡೂ ಕಡೆಯವರು ಎಡವಿದ ಜಾಗ ಇದು. 'ಆಸ್ಪತ್ರೆಗೆ ಸೇರಿದವರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡವರೇ, ಅಂದಮೇಲೆ ಲಸಿಕೆ ಕೆಲಸ ಮಾಡಲ್ಲ' ಅನ್ನೋ ವಾದಕ್ಕೆ ಬಹಳ ಜನ 'ಅಂಕಿ ಸುಳ್ಳು' ಅಂತ ಉತ್ತರ ಕೊಟ್ಟರು. ಅಂಕಿ ನಿಜವೇ ಇರಬಹುದು. ಒಂದು ಲೆಕ್ಕ ಹಾಕಿ: ಒಂದು ಲಕ್ಷ ಜನ, 95,000 ಮಂದಿ ಲಸಿಕೆ ಪಡೆದವರು, 5000 ಮಂದಿ ಪಡೆಯದವರು. ಪಡೆಯದವರಲ್ಲಿ 2% ಆಸ್ಪತ್ರೆ ಸೇರುತ್ತಾರೆ, ಅಂದರೆ 100 ಜನ. ಲಸಿಕೆ ಆ ಅಪಾಯವನ್ನು 90% ತಗ್ಗಿಸುತ್ತೆ ಅನ್ನಿ. ಪಡೆದವರಲ್ಲಿ 0.2%, ಅಂದರೆ 190 ಜನ. ಒಟ್ಟು 290 ರೋಗಿಗಳಲ್ಲಿ 190 ಮಂದಿ, ಸುಮಾರು 66%, ಲಸಿಕೆ ಪಡೆದವರು! ಲಸಿಕೆ ಹತ್ತರಲ್ಲಿ ಒಂಬತ್ತು ಪಾಲು ಅಪಾಯ ತಡೆದಿದೆ, ಆದರೂ ವಾರ್ಡಿನ ತುಂಬ ಲಸಿಕೆ ಪಡೆದವರೇ. ಊರಿಗೆ ಊರೇ ಲಸಿಕೆ ಹಾಕಿಸಿಕೊಂಡರೆ ಆ ಅಂಕಿ 100% ಆಗುತ್ತೆ. ಇಲ್ಲಿ ಬೇಕಾದ ಛೇದ ಆಸ್ಪತ್ರೆಯ ಮಂಚಗಳಲ್ಲ, ಆಯಾ ಗುಂಪಿನ ಜನಸಂಖ್ಯೆ.

ಅಷ್ಟಕ್ಕೇ ಮುಗಿಯಲ್ಲ. ವಯಸ್ಸಾದವರಿಗೆ ಮೊದಲು ಲಸಿಕೆ ಕೊಟ್ಟಿರುತ್ತಾರೆ, ಸಾಯುವ ಅಪಾಯವೂ ಅವರಿಗೇ ಹೆಚ್ಚು. ವಯಸ್ಸಿನ ಪ್ರಕಾರ ಒಡೆಯದೆ ಒಟ್ಟಾರೆ ಹೋಲಿಸಿದರೆ ಲಸಿಕೆಯೇ ಕೊಲ್ಲುತ್ತಿದೆ ಅನ್ನೋ ಹಾಗೆ ಕಾಣಬಹುದು. ಹೀಗೆ ಒಟ್ಟುಗೂಡಿಸಿದಾಗ ಒಂದು ಚಿತ್ರ, ಒಡೆದಾಗ ಇನ್ನೊಂದು ಚಿತ್ರ ಬರೋದಕ್ಕೆ ಹೆಸರಾದ ಉದಾಹರಣೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ್ದು. 1973ರಲ್ಲಿ ಅಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ 8442 ಗಂಡಸರಲ್ಲಿ ಸುಮಾರು 44% ಮಂದಿಗೆ ಸೀಟು ಸಿಕ್ಕಿತು, 4321 ಹೆಂಗಸರಲ್ಲಿ ಸುಮಾರು 35% ಮಂದಿಗೆ. ತಾರತಮ್ಯ ಕಣ್ಣಿಗೆ ಹೊಡೆಯುವಂತಿದೆ. ವಿಭಾಗವಾರು ನೋಡಿದರೆ ಹೆಚ್ಚಿನ ವಿಭಾಗಗಳಲ್ಲಿ ಅಂತಹ ವ್ಯತ್ಯಾಸವೇ ಇರಲಿಲ್ಲ, ಒಂದು ದೊಡ್ಡ ವಿಭಾಗದಲ್ಲಂತೂ 62% ಗಂಡಸರಿಗೆ, 82% ಹೆಂಗಸರಿಗೆ ಪ್ರವೇಶ ಸಿಕ್ಕಿತ್ತು. ಸೀಟು ಕಡಿಮೆ, ಪೈಪೋಟಿ ಹೆಚ್ಚು ಇರುವ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ಇದನ್ನು ಹಿಡಿದು 'ನೋಡಿ, ತಾರತಮ್ಯವೇ ಇಲ್ಲ' ಅಂತ ಕುಣಿಯುವವರಿದ್ದಾರೆ. ಅವರ ಜೊತೆಗೂ ನನ್ನ ತಕರಾರಿದೆ. ಪ್ರವೇಶ ಸಮಿತಿ ಪಕ್ಷಪಾತ ಮಾಡಿತೇ ಅನ್ನೋ ಪ್ರಶ್ನೆಗೆ ವಿಭಾಗವಾರು ಲೆಕ್ಕ ಉತ್ತರ ಕೊಡುತ್ತೆ. ಹೆಂಗಸರು ಆ ವಿಭಾಗಗಳ ಕಡೆಗೇ ಯಾಕೆ ಹೋದರು, ಅವರು ಹೋದ ಕಡೆ ಸೀಟು ಯಾಕೆ ಕಡಿಮೆ ಅನ್ನೋದಕ್ಕೆ ಅದು ಉತ್ತರವಲ್ಲ. ಒಡೆದು ನೋಡೋದರಿಂದ ಸತ್ಯ ಹೊರಬರಬಹುದು, ಅನ್ಯಾಯ ಒಳಗೇ ಉಳಿದುಬಿಡಲೂಬಹುದು.

ರಾಜಕೀಯದಲ್ಲಿ ಅತಿ ಹೆಚ್ಚು ಬೆಂಕಿ ಹಚ್ಚುವ ವಾಕ್ಯ 'ಬಂಧಿತರಲ್ಲಿ 60% ಮಂದಿ ಇಂಥ ಗುಂಪಿನವರು'. ಓದುವವರ ತಲೆಯಲ್ಲಿ ಇದು 'ಆ ಗುಂಪಿನವರಲ್ಲಿ 60% ಮಂದಿ ಅಪರಾಧಿಗಳು' ಅಂತ ತಿರುಗಿ ಕೂರುತ್ತೆ. 1000 ಬಂಧಿತರಲ್ಲಿ 600 ಮಂದಿ ಹತ್ತು ಲಕ್ಷ ಜನರ ಗುಂಪೊಂದಕ್ಕೆ ಸೇರಿದವರಾದರೆ, ಆ ಗುಂಪಿನ 0.06% ಮಂದಿ ಬಂಧಿತರು. ಉಳಿದ 99.94% ಮಂದಿಗೂ ಆ ಸುದ್ದಿಗೂ ಸಂಬಂಧವಿಲ್ಲ. ಜೊತೆಗೆ ಬಂಧನ ಅನ್ನೋದು ಪೊಲೀಸರು ಎಲ್ಲಿ ಹುಡುಕಿದರು ಅನ್ನೋದನ್ನೂ ಅಳೆಯುತ್ತೆ. ಅಂಶವೇ ಬದಲಾಗೋದೂ ಉಂಟು: ಸ್ವೀಡನ್ 2005ರಲ್ಲಿ ಅತ್ಯಾಚಾರದ ಕಾನೂನು ವ್ಯಾಖ್ಯೆಯನ್ನು ಹಿಗ್ಗಿಸಿತು, ಒಬ್ಬರ ಮೇಲೆ ಹಲವು ಸಲ ನಡೆದಿದ್ದರೆ ಪ್ರತಿಯೊಂದನ್ನೂ ಬೇರೆಯಾಗಿ ಎಣಿಸುವ ರೂಢಿಯೂ ಅಲ್ಲಿದೆ. ಆ ಅಂಕಿಯನ್ನು ಬೇರೆ ರೀತಿ ಎಣಿಸುವ ದೇಶದ ಪಕ್ಕ ಇಟ್ಟು ಹೋಲಿಸಿದರೆ ಅಪರಾಧದ ಜೊತೆ ಎಣಿಕೆಯ ಪದ್ಧತಿಯನ್ನೂ ಹೋಲಿಸಿದ ಹಾಗಾಯಿತು.

ಚುನಾವಣಾ ಸಮೀಕ್ಷೆಯ ಬಗ್ಗೆ ಚುಟುಕಾಗಿ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮತಪತ್ರ ಕಳಿಸಿತು, 23 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಹೆಸರುಗಳನ್ನು ಫೋನು ಮತ್ತು ಕಾರು ಇದ್ದವರ ಪಟ್ಟಿಗಳಿಂದ ತೆಗೆದಿದ್ದರು, ಉತ್ತರ ಕೊಡದ ಮುಕ್ಕಾಲು ಪಾಲು ಜನ ಉತ್ತರ ಕೊಟ್ಟವರಂತೆ ಇರಲಿಲ್ಲ. ಯಾದೃಚ್ಛಿಕವಾಗಿ ಆರಿಸಿದ 1000 ಜನ ಸಾಕು, ಸುಮಾರು 3 ಅಂಕ ಆಚೀಚೆ ಆಗುತ್ತೆ. ಅದನ್ನು ಅರ್ಧಕ್ಕಿಳಿಸಲು 4000 ಜನ ಬೇಕು. ಇಬ್ಬರು ಅಭ್ಯರ್ಥಿಗಳ ನಡುವಿನ ಅಂತರಕ್ಕೆ ದೋಷ ಹೆಚ್ಚುಕಡಿಮೆ ದುಪ್ಪಟ್ಟು, ಹಾಗಾಗಿ 42 ಮತ್ತು 40 ಅಂದರೆ ಯಾರು ಮುಂದೆ ಅಂತ ಹೇಳೋಕಾಗಲ್ಲ. ಆ ಸಾವಿರದೊಳಗೆ '25ಕ್ಕಿಂತ ಕಿರಿಯ ಯುವತಿಯರು' ಅಂತ ನೂರು ಜನರನ್ನು ಬೇರೆ ತೆಗೆದರೆ ದೋಷ ಸುಮಾರು 10 ಅಂಕ. ಟಿವಿ ಚರ್ಚೆಗಳ ಅರ್ಧ ಗಂಟೆ ಇಂಥ ನೂರು ಜನರ ಮೇಲೆ ನಡೆಯುತ್ತೆ.

ಛೇದ ಕೇಳೋದನ್ನೇ ಆಯುಧ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಸ್ಪೇಸ್ ಶಟಲ್ 135 ಸಲ ಹಾರಿತು. ಎರಡು ಸಲ ನೌಕೆಯೇ ನಾಶವಾಗಿ 14 ಮಂದಿ ಸತ್ತರು. ಹಾರಾಟದ ಲೆಕ್ಕದಲ್ಲಿ ದುರಂತ ಸುಮಾರು 1.5%, ಯಾವ ವಿಮಾನ ಕಂಪನಿಯೂ ಒಂದು ದಿನ ಬಾಳಲಾಗದ ಅಂಕಿ. ಅವೆಲ್ಲ ಸೇರಿ ಕ್ರಮಿಸಿದ ದೂರ ಸುಮಾರು 87 ಕೋಟಿ ಕಿ.ಮೀ. ದೂರದ ಲೆಕ್ಕ ಹಿಡಿದರೆ 43 ಕೋಟಿ ಕಿ.ಮೀ.ಗೆ ಒಂದೇ ದುರಂತ, ಎಷ್ಟು ಸುರಕ್ಷಿತ! ಅಪಾಯ ಇರೋದು ಏರುವಾಗ ಮತ್ತು ಇಳಿಯುವಾಗ, ಭೂಮಿ ಸುತ್ತುವ ಕಿಲೋಮೀಟರುಗಳಲ್ಲಿ ಅಲ್ಲ. ಇಲ್ಲಿ ತಪ್ಪು ಛೇದ ಯಾವುದು ಅಂತ ಹೇಳೋದು ಸುಲಭ.

ಕಾರ್ಬನ್ ಡೈಆಕ್ಸೈಡ್ ಯಾರು ಹೆಚ್ಚು ಉಗುಳುತ್ತಾರೆ ಅನ್ನೋ ವಿಷಯದಲ್ಲಿ ಅಷ್ಟು ಸುಲಭವಲ್ಲ. ವರ್ಷದ ಒಟ್ಟು ಲೆಕ್ಕದಲ್ಲಿ ಈಗ ಚೀನಾ ಮೊದಲು. 1850ರಿಂದ ಸುಟ್ಟ ಕಲ್ಲಿದ್ದಲು, ತೈಲ, ಅನಿಲಗಳನ್ನೆಲ್ಲ ಕೂಡಿಸಿದರೆ ಅಮೆರಿಕ ಮೊದಲು. ತಲಾವಾರು ಲೆಕ್ಕದಲ್ಲಿ ಕತಾರ್‌ನಂಥ ಪುಟ್ಟ ದೇಶ ಮೇಲೆ ಬರುತ್ತೆ. ಮೂರೂ ಲೆಕ್ಕಗಳಲ್ಲಿ ತಪ್ಪಿಲ್ಲ. ಹೊಣೆ ದೇಶದ್ದೋ, ಮನುಷ್ಯನದ್ದೋ, ತಾತ ಮುತ್ತಾತಂದಿರದ್ದೂ ಸೇರಿಯೋ ಅನ್ನೋದನ್ನು ಕ್ಯಾಲ್ಕುಲೇಟರು ಹೇಳಲ್ಲ. ಹವಾಮಾನ ಸಮ್ಮೇಳನಗಳಲ್ಲಿ ವರ್ಷಗಟ್ಟಲೆ ಎಳೆದಾಡುತ್ತಿರೋದು ಇದನ್ನೇ. ಇಲ್ಲಿ ಕಾಮೆಂಟಿನಲ್ಲಿ ಇನ್ನೂರು ಜನ ಜಗಳವಾಡಿದರೆ ನನ್ನ ಅಭ್ಯಂತರವಿಲ್ಲ, ಯಾವ ಛೇದ ಹಿಡಿದಿದ್ದೀರಿ ಅಂತ ಮೊದಲನೇ ಸಾಲಿನಲ್ಲೇ ಬರೆದುಬಿಡಿ.