ಅರ್ಧ ಗಂಟೆಯಲ್ಲಿ ಬರುವ ಅಳಿಯ

ನಮ್ಮ ಭಾವ ಬೆಂಗಳೂರಿನವರು, ಲೆಕ್ಕದಲ್ಲಿ ಪಕ್ಕಾ. 2023ರಲ್ಲಿ ಶಿವಮೊಗ್ಗದ ಪಕ್ಕದ ಸೋಗಾನೆಗೆ ವಿಮಾನ ಬರಲು ಶುರುವಾದಾಗಿನಿಂದ ಅವರಿಗೆ ಬಸ್ಸು ಅಂದರೆ ಅಲರ್ಜಿ. ಬೆಂಗಳೂರಿನ ವಿಮಾನ ನಿಲ್ದಾಣ ಇರುವ ದೇವನಹಳ್ಳಿಯಿಂದ ಸೋಗಾನೆಗೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ 240 ಕಿಲೋಮೀಟರ್, ಎಟಿಆರ್ ಅನ್ನೋ ರೆಕ್ಕೆಗೆ ಫ್ಯಾನ್ ಇರುವ ಸಣ್ಣ ವಿಮಾನದ ವೇಗ ಗಂಟೆಗೆ ಸುಮಾರು 500. "ಅಂದ್ರೆ ಅರ್ಧ ಗಂಟೆ ಅತ್ತೆ, ನೀವು ಕಡುಬಿಗೆ ನೀರಿಡಿ, ನಾನು ಬಂದೆ" ಅಂದರು.

ಅಮ್ಮ ನಿಜವಾಗಿಯೂ ನೀರಿಟ್ಟರು.

ಈ ಅರ್ಧ ಗಂಟೆ ಇರುವುದು ಗೆರೆಯಲ್ಲಿ ಮಾತ್ರ. ಟಿಕೆಟ್ಟಿನಲ್ಲೇ ಒಂದು ಗಂಟೆಗಿಂತ ಜಾಸ್ತಿ ಬರೆದಿರುತ್ತೆ, ಯಾಕೆಂದರೆ ವಿಮಾನ ಕಂಪನಿಯವರ ಲೆಕ್ಕ ವಿಮಾನ ನಿಂತ ಜಾಗದಿಂದ ಅಲುಗಾಡಿದ ಹೊತ್ತಿನಿಂದ ಶುರು: ರನ್‌ವೇವರೆಗೆ ಉರುಳಬೇಕು, ಸರದಿ ಕಾಯಬೇಕು, ಏರುವಾಗ ನಿಧಾನ, ಇಳಿಯುವಾಗ ಇನ್ನೂ ನಿಧಾನ. ಅದಕ್ಕೂ ಮುಂಚೆ ಜಯನಗರದಿಂದ ದೇವನಹಳ್ಳಿಗೆ ಹೋಗಬೇಕಲ್ಲ, ಅದಕ್ಕೆ ಹಿಡಿಯುವ ಹೊತ್ತನ್ನು ಯಾವ ಗಣಿತವೂ ಹೇಳಲಾರದು. ಸೋಗಾನೆಯಲ್ಲಿ ಇಳಿದ ಮೇಲೂ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ನಮ್ಮೂರು ತೀರ್ಥಹಳ್ಳಿಗೆ ಬರಬೇಕು. ಮಳೆಗಾಲ ಬೇರೆ. ಎದುರಿಗೆ ಮರದ ದಿಮ್ಮಿ ಹೇರಿದ ಲಾರಿ ಸಿಕ್ಕಿತೋ, ಮುಗೀತು.

ಅವತ್ತು ಆಷಾಢದ ಮಳೆ. ವಿಮಾನ ಸೋಗಾನೆಯ ಮೇಲೆ ಬಂದಿದ್ದೇನೋ ನಿಜ, ಆದರೆ ಕೆಳಗೆ ಬರೀ ಬಿಳಿ ಮೋಡ. ಇಂತಿಷ್ಟು ಎತ್ತರಕ್ಕೆ ಇಳಿದಾಗ ರನ್‌ವೇ ಕಾಣಬೇಕು, ಕಾಣದಿದ್ದರೆ ಪೈಲಟ್ ಮತ್ತೆ ಮೇಲೇರಲೇಬೇಕು, ಅದು ನಿಯಮ. ಏರಿದರು. ಸುತ್ತು ಹಾಕಿದರು. ಮತ್ತೆ ಇಳಿಯಲು ನೋಡಿದರು, ಮತ್ತೆ ಏರಿದರು. ಪಕ್ಕದ ಸೀಟಿನ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತುಕೊಳ್ಳುತ್ತಿದ್ದರಂತೆ, ಪ್ರತಿ ಸುತ್ತಿಗೂ ಹರಕೆ ದೊಡ್ಡದಾಗುತ್ತಾ ಹೋಯಿತಂತೆ. ಕೊನೆಗೆ ವಿಮಾನ ವಾಪಸ್ ದೇವನಹಳ್ಳಿಗೆ.

ಇತ್ತ ಅಮ್ಮ ಒಲೆ ಆರಿಸೋದು, ಹಚ್ಚೋದು. ಕಳಲೆ ಪಲ್ಯ ತಳ ಹಿಡಿಯಿತು. ಕಡುಬು ಮೊದಲು ಮೆತ್ತಗಿತ್ತು, ಆಮೇಲೆ ಗಟ್ಟಿಯಾಯಿತು, ಸಂಜೆಗೆ ಕ್ರಿಕೆಟ್ ಆಡಬಹುದಿತ್ತು. ಅಪ್ಪ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಪ್ರತಿ ಅರ್ಧ ಗಂಟೆಗೊಮ್ಮೆ ಒಳಗೆ ಕೂಗಿ ಕೇಳುತ್ತಿದ್ದರು, "ಅರ್ಧ ಗಂಟೆ ಆಯ್ತಾ ಮಾರಾಯ್ತಿ?"

ಭಾವ ಕೊನೆಗೆ ರಾತ್ರಿ ಬಸ್ಸಿಗೆ ಬಂದರು. ಬೆಳಗಿನ ಜಾವ ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಇಳಿದವರ ಕೊರಳಲ್ಲಿ ವಿಮಾನಕ್ಕೆಂದೇ ತಂದಿದ್ದ ಆ ಕತ್ತಿನ ದಿಂಬು ಹಾಗೇ ಇತ್ತು. ಇಡೀ ಹಗಲು 500 ಕಿಲೋಮೀಟರಿಗೂ ಜಾಸ್ತಿ ಹಾರಿ, ಹೊರಟ ಜಾಗದಲ್ಲೇ ಇಳಿದ ಮನುಷ್ಯ, ಪಾಪ. ಸುಮ್ನೆ ಏನೂ ಕೇಳಬಾರದು ಅಂತ ನಾವೆಲ್ಲ ಮೊದಲೇ ಮಾತಾಡಿಕೊಂಡಿದ್ದೆವು.

ಕಾಫಿ ಕುಡಿದು ಸುಧಾರಿಸಿಕೊಂಡ ಮೇಲೆ ಅವರೇ ಮೊಬೈಲ್ ತೆಗೆದರು. "ನೋಡಿ ಮಾವ, ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತೆ. ವಾಪಸ್ ಹೋಗುವಾಗ ಅದು ಹಿಂದಿನಿಂದ ತಳ್ಳುತ್ತೆ, ಅರ್ಧ ಗಂಟೆನೂ ಬೇಡ."

ಈ ಲೆಕ್ಕ ಸರಿಯಾಗಿಯೇ ಇತ್ತು. ಅಪ್ಪ ತಲೆಯಾಡಿಸಿ ಒಳಗೆ ಹೋದರು, ಬಸ್ ಏಜೆಂಟರಿಗೆ ಫೋನ್ ಮಾಡಿ ಮೆಲ್ಲಗೆ ಹೇಳಿದರು: "ಭಾನುವಾರ ರಾತ್ರಿಗೆ ಒಂದು ಸೀಟು ಹಿಡಿದಿಡಿ. ಕಿಟಕಿ ಪಕ್ಕದ್ದೇ ಇರಲಿ."